ಮೂರನೆಯ ತೊಲೆಯ ಬಡಗು ತುದಿ

ಏಣಿಯ ಮೇಲೆ ನಿಂತು ಮೂರನೆಯ ತೊಲೆಯ ಬಡಗು ತುದಿಗೆ ಸುತ್ತಿಗೆಯಿಂದ ಮೂರು ಪೆಟ್ಟು ಹೊಡೆದೆ. ಕೆಳಗೆ ಏಣಿ ಹಿಡಿದುಕೊಂಡಿದ್ದವರು ಮುಕ್ರಿ, ಅಂದರೆ ಆ ಮಸೀದಿಯಲ್ಲಿ ದಿನಕ್ಕೆ ಐದು ಹೊತ್ತು ಬಾಂಗ್ ಕೊಡುವವರು. ಅವರು ತಲೆ ಎತ್ತಿ ನೋಡಿದರು.

“ಆಚಾರ್ರೆ, ಇದು ಬೇರೆ ಶಬ್ದ ಅಲ್ವಾ?”

“ಯಾವುದು?”

“ಈಗ ಹೊಡೆದದ್ದು. ಆಚೆ ತುದಿಯಲ್ಲಿ ಹೀಗೆ ಕೇಳ್ಲಿಲ್ಲ.”

ಮತ್ತೆ ಎರಡು ಪೆಟ್ಟು ಹೊಡೆದೆ. ಕೈಗೆ ಮರ ಗಟ್ಟಿಯಾಗಿಯೇ ತಾಗಿತು. ಕಿವಿಗೆ ಉಳಿದ ಎಲ್ಲ ಪೆಟ್ಟುಗಳಂತೆಯೇ ಕೇಳಿತು. “ಎಲ್ಲ ಒಂದೇ ಉಸ್ತಾದರೆ. ಗೋಡೆ ಹತ್ತಿರ ಆದ ಕಾರಣ ನಿಮ್ಗೆ ಹಾಗೆ ಕೇಳುದು,” ಎಂದೆ. ಮೂವತ್ತೈದು ವರ್ಷ ಮರಗೆಲಸಕ್ಕೆ ಕಟ್ಟಡಗಳ ಮಾಡು ಹತ್ತಿದವನು ಹೀಗೆ ಹೇಳಿದ ಮೇಲೆ ಎದುರು ಮಾತಾಡುವ ಜನ ಅವರಲ್ಲ. ನಾನು ಇಳಿದ ಮೇಲೆ ಏಣಿಯನ್ನು ನಾಲ್ಕನೆಯ ತೊಲೆಯ ಹತ್ತಿರ ಸರಿಸಿದರು.

ಪೆರಾಬೆಯಿಂದ ಕಡಬದ ಕಡೆಗೆ ಹೋಗುವ ಒಳದಾರಿಯಲ್ಲಿರುವ ಹಳೆಯ ಮಸೀದಿ ಅದು. ಹೆಸರು ಇಲ್ಲಿ ಬೇಡ. ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು. ನಮಾಜಿನ ಹಾಲಿನ ಮೇಲೆ ತೆಂಕು ಗೋಡೆಯಿಂದ ಬಡಗು ಗೋಡೆಗೆ ಅಡ್ಡವಾಗಿ ನಾಲ್ಕು ಹಲಸಿನ ತೊಲೆಗಳು ಮಲಗಿವೆ. ಪ್ರತಿ ತೊಲೆಯ ನಡುವಿನಲ್ಲಿ ಒಂದು ಗಿಡ್ಡ ಗುಜ್ಜುಗಂಬ, ಅದರ ತಲೆಯ ಮೇಲೆ ಮಾಡಿನ ನೆತ್ತಿಯ ಮರ, ಅಲ್ಲಿಂದ ಎರಡೂ ಕಡೆಗೆ ಇಳಿಯುವ ಪಕ್ಕಾಸುಗಳು, ಅವುಗಳ ಮೇಲೆ ರೀಪು ಮತ್ತು ಹಂಚು. ಅಷ್ಟು ಭಾರವೂ ಕೊನೆಗೆ ಬಂದು ಕೂರುವುದು ಈ ನಾಲ್ಕು ತೊಲೆಗಳ ಎಂಟು ತುದಿಗಳ ಮೇಲೆ. ತುದಿಗಳು ಗೋಡೆಯ ಒಳಗೆ ಹೂತಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಮಾಡು ಬಿದ್ದ ಕಟ್ಟಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಡುವೆ ತುಂಡಾಗಿ ಬಿದ್ದದ್ದು ಕಡಿಮೆ, ತುದಿ ಕೊಳೆತು ಬಿದ್ದದ್ದೇ ಹೆಚ್ಚು.

ಸಮಿತಿಯಲ್ಲಿ ಎರಡು ಅಭಿಪ್ರಾಯ ಇತ್ತು. ಗಲ್ಫಿನಿಂದ ಬಂದು ಹೋಗುವ ಕೆಲವರಿಗೆ ಹಳೆಯದನ್ನು ಕೆಡವಿ ಸ್ಲ್ಯಾಬ್ ಹಾಕಬೇಕೆಂದಿತ್ತು. ಅಧ್ಯಕ್ಷರಾದ ಹಾಜಿಯವರಿಗೆ ಮರದ ಮಾಡು ಉಳಿಸುವ ಮನಸ್ಸು. ಅವರೇ ಪುತ್ತೂರಿನ ದರ್ಬೆಯ ನನ್ನ ಶೆಡ್ಡಿಗೆ ಹುಡುಕಿಕೊಂಡು ಬಂದದ್ದು. “ಉಳಿಸ್ಲಿಕ್ಕೆ ಆಗ್ತದೆ ಅಂತ ನೀವು ಹೇಳಿದ್ರೆ ಉಳಿಸುದು. ಆಗುದಿಲ್ಲ ಅಂದ್ರೆ ಕೆಡವುದು. ನಿಮ್ಮ ಮಾತೇ ಅಖೈರು,” ಎಂದಿದ್ದರು. ಹಬ್ಬ ಕಳೆದು ಮಳೆ ಹಿಡಿಯುವುದರ ಒಳಗೆ ಕೆಲಸ ಮುಗಿಯಬೇಕಿತ್ತು.

ಪರೀಕ್ಷೆಗೆ ನನ್ನದು ಹಳೆಯ ಕ್ರಮ. ಮೊದಲು ಕಣ್ಣು: ಹಂಚು ಸೋರಿದ ಕಲೆ, ಗೆದ್ದಲಿನ ಮಣ್ಣು, ಬಿರುಕು. ಆಮೇಲೆ ದಬ್ಬಳ: ಅನುಮಾನ ಇದ್ದಲ್ಲಿ ಒತ್ತಿ ನೋಡುವುದು, ಗಟ್ಟಿ ಮರದಲ್ಲಿ ಮೊನೆ ಮಾತ್ರ ಇಳಿಯುತ್ತದೆ, ಕೊಳೆತದ್ದರಲ್ಲಿ ಬೆಣ್ಣೆಗೆ ಹೋದ ಹಾಗೆ ಹೋಗುತ್ತದೆ. ಕೊನೆಗೆ ಸುತ್ತಿಗೆ. ಗಟ್ಟಿ ಮರ ಟಣ್ಣನೆ ಉತ್ತರ ಕೊಡುತ್ತದೆ, ಪೊಳ್ಳು ಮರ ಬೊದ್ದು ದನಿಯಲ್ಲಿ. ಕಣ್ಣು ಮತ್ತು ದಬ್ಬಳ ಮೋಸ ಹೋಗುವ ಜಾಗದಲ್ಲಿ ಸುತ್ತಿಗೆಯೇ ನಿಜ ಹೇಳುವುದು. ನಮ್ಮ ಕಡೆ ಅಂಥ ಮೋಸಕ್ಕೆ ಒಂದು ದೊಡ್ಡ ಕಾರಣ ಉಂಟು. ಗೆದ್ದಲು ಬಾರದಿರಲೆಂದು ಮೂರು ನಾಲ್ಕು ವರ್ಷಕ್ಕೊಮ್ಮೆ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಅರವತ್ತು ಎಪ್ಪತ್ತು ವರ್ಷ ಒಂದರ ಮೇಲೊಂದು ಬಳಿದ ಎಣ್ಣೆ ಕರಿ ಚಿಪ್ಪಾಗಿ ಗಟ್ಟಿಯಾಗುತ್ತದೆ. ಒಳಗೆ ಮರ ಸತ್ತರೂ ಹೊರಗೆ ಚಿಪ್ಪು ಮಿರಮಿರ ಮಿಂಚುತ್ತಿರುತ್ತದೆ. ಭಕ್ತಿಯಿಂದ ಎಣ್ಣೆ ಬಳಿದ ಮಾಡುಗಳೇ ಹೀಗೆ ಹೆಚ್ಚು ಮೋಸ ಮಾಡುವುದು.

ಈ ಮಸೀದಿಯ ತೊಲೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ದಬ್ಬಳ ಎಲ್ಲೂ ಇಳಿಯಲಿಲ್ಲ. ಆ ದಿನವೇ ಜಗಲಿಯಲ್ಲಿ ಕೂತು ಹಾಜಿಯವರಿಗೆ ಹೇಳಿದೆ: ಹನ್ನೊಂದು ಪಕ್ಕಾಸು ಬದಲಿಸಬೇಕು, ರೀಪು ಪೂರ್ತಿ ಹೊಸತು ಬೇಕು, ತೊಲೆಗಳಿಗೆ ಇನ್ನೊಂದು ತಲೆಮಾರು ಏನೂ ಆಗುವುದಿಲ್ಲ. ಹಾಜಿಯವರ ಮುಖ ಅರಳಿತು. ಮುಕ್ರಿ ಚಹಾದ ಲೋಟ ತಂದಿಟ್ಟು, ನನ್ನನ್ನು ಒಮ್ಮೆ ನೋಡಿ, ಒಳಗೆ ಹೋದರು.

ಆ ನೋಟ ದರ್ಬೆಯ ತನಕ ನನ್ನ ಜತೆ ಬಂತು.

ಬಲಗಿವಿ ಮಂದವಾಗಿ ನಾಲ್ಕೈದು ವರ್ಷ ಆಗಿತ್ತು, ಎಡದ್ದೂ ಪೂರ್ತಿ ಸರಿ ಇರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಮರದ ಮಿಲ್ಲಿನಲ್ಲಿ, ಹತ್ತರಿ ಮೆಷಿನ್ನಿನ ಬದಿಯಲ್ಲಿ ಆಯುಷ್ಯ ಕಳೆದವನು ನಾನು. ಕಿವಿಗೆ ಹತ್ತಿ ಕೂಡ ಇಟ್ಟವನಲ್ಲ. ಮನೆಯಲ್ಲಿ ಟೀವಿಯ ಶಬ್ದಕ್ಕೆ ದಿನಾ ಜಗಳ. ಮದುವೆ ಮನೆಗಳಿಗೆ ಹೋಗುವುದು ಬಿಟ್ಟಿದ್ದೆ. ಹತ್ತು ಜನ ಸೇರಿ ಮಾತಾಡುವಲ್ಲಿ ಎಲ್ಲರೂ ನಕ್ಕಾಗ ನಾನೂ ನಗುವುದು, ಯಾಕೆ ನಕ್ಕದ್ದೆಂದು ಗೊತ್ತಿಲ್ಲದೆ. ಜನರ ನಡುವೆ ಕೂತು ಒಬ್ಬನೇ ಆಗುವುದು ಎಷ್ಟು ಕಷ್ಟ ಎಂದು ಅದು ಬಂದವನಿಗೇ ಗೊತ್ತು. ಅದಕ್ಕಿಂತ ಮಾಡಿನ ಮೇಲೆ ನಿಜವಾಗಿ ಒಬ್ಬನೇ ಇರುವುದು ಸುಖ. ಮರದ ಜತೆ ನನ್ನ ವ್ಯವಹಾರ ಸರಿಯಾಗಿಯೇ ಉಂಟೆಂದು ನಂಬಿಕೊಂಡಿದ್ದೆ. ಮನುಷ್ಯರ ಮಾತು ಕೇಳದಿದ್ದರೆ ಹೋಗಲಿ, ಮರದ ಮಾತು ನನಗೆ ಕೇಳದೆ ಇರುತ್ತದೆಯೇ ಎಂಬ ಸೊಕ್ಕು.

ಆ ಆದಿತ್ಯವಾರ ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿ ದರ್ಬೆ ತಣ್ಣಗಿತ್ತು. ಶೆಡ್ಡಿನಲ್ಲಿ ಹಲಸಿನ ಎರಡು ತುಂಡು ತೆಗೆದುಕೊಂಡೆ, ಒಂದೇ ಉದ್ದ, ಒಂದೇ ದಪ್ಪ. ಒಂದನ್ನು ಹಾಗೆಯೇ ಇಟ್ಟೆ. ಇನ್ನೊಂದನ್ನು ತಲೆಯ ಕಡೆಯಿಂದ ಕೊರೆದು ಪೊಳ್ಳು ಮಾಡಿದೆ. ಎರಡರ ಮೇಲೂ ಗೋಣಿ ಹೊದಿಸಿ, ಕಣ್ಣು ಮುಚ್ಚಿ, ಅತ್ತಿತ್ತ ಸರಿಸಿ, ಯಾವುದು ಯಾವುದೆಂದು ಮರೆತ ಮೇಲೆ ಸುತ್ತಿಗೆ ಹೊಡೆದೆ. ಇದು ಗಟ್ಟಿ ಎಂದು ಹೇಳಿಕೊಂಡು ಗೋಣಿ ಎತ್ತಿದರೆ ಪೊಳ್ಳು. ಮತ್ತೆ ಹೊದಿಸಿದೆ. ಮತ್ತೆ ಹೊಡೆದೆ. ಸರಿ ಹೇಳಿದ್ದಕ್ಕೆ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ನೆಟ್ಟಗೆ ಗೆರೆ, ತಪ್ಪಿದ್ದಕ್ಕೆ ಅಡ್ಡ ಗೆರೆ. ಇಪ್ಪತ್ತು ಸಲ ಆಗುವಾಗ ಎರಡು ಥರದ ಗೆರೆಗಳೂ ಸಮ ಸಮ ಇದ್ದವು. ಮರದ ಗಂಧವೇ ಗೊತ್ತಿಲ್ಲದವನನ್ನು ರಸ್ತೆಯಿಂದ ಹಿಡಿದು ತಂದು ಕೇಳಿದ್ದರೂ ಅಷ್ಟೇ ಸರಿ ಹೇಳುತ್ತಿದ್ದ.

ಅಳು ಬಂತು. ಬರೆಯಲು ನಾಚಿಕೆ ಆಗುತ್ತದೆ, ಆದರೆ ಬಂದದ್ದು ಹೌದು. ಮರಕ್ಕೆ ಬಡಿದು ಕೇಳುವುದು ಅಪ್ಪನಿಂದ ಕಲಿತ ಮೊದಲ ವಿದ್ಯೆ. ಉಳಿ ಹಿಡಿಯುವ ಮೊದಲೇ ಕಲಿತದ್ದು. ಹೆಂಡತಿ ಎದುರು ಬಂದು ನಿಂತಾಗಲೇ ತಲೆ ಎತ್ತಿದ್ದು.

“ಊಟಕ್ಕೆ ಎಷ್ಟು ಸಲ ಕರೆಯುದು ಮಾರಾಯ್ರೆ? ಗಂಟಲು ಬಿದ್ದು ಹೋಯ್ತು ನಂದು. ಇದೆಂತ ಗೆರೆ?”

“ಎಂತ ಇಲ್ಲ. ಲೆಕ್ಕ,” ಎಂದು ಅಂಗೈಯಲ್ಲಿ ಒರೆಸಿ ಹಾಕಿದೆ.

ಆಗಲೇ ಹೋಗಿ ಹೇಳಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಹೇಳಲಿಲ್ಲ. ನಮ್ಮ ಊರುಗಳಲ್ಲಿ ಒಬ್ಬನಿಗೆ ಅಡ್ಡಹೆಸರು ಬಿತ್ತೆಂದರೆ ಅದು ಅವನ ಚಟ್ಟದ ಜತೆಯೇ ಹೋಗುವುದು. ಕುಂಟನಿಗೆ ಪಾಪ ಎನ್ನುವ ಜನ ಕಿವುಡನಿಗೆ ನಗುತ್ತಾರೆ. ‘ಕೆಪ್ಪ ಆಚಾರಿ’ ಎಂಬ ಹೆಸರು ಪುತ್ತೂರಿನಿಂದ ಸುಳ್ಯದ ತನಕ ಹರಡಲು ಒಂದು ವಾರ ಸಾಕು. ಆಮೇಲೆ ಮಾಡು ನೋಡಲು ಯಾರು ಕರೆಯುತ್ತಾರೆ? ಜತೆಗೆ ಕಳ್ಳ ಸಮಾಧಾನವೂ ಸಿಕ್ಕಿತು. ದಬ್ಬಳ ಇಳಿಯಲಿಲ್ಲವಲ್ಲ, ಮುಕ್ರಿಗೆ ಮರದ ವಿಷಯ ಎಂತ ಗೊತ್ತು, ಹೀಗೆ.

ಸೋಮವಾರ ಕೆಲಸ ಶುರುವಾಯಿತು. ನನ್ನ ಜತೆ ಹಂಚಿನ ಕೆಲಸದ ಇಬ್ಬರು, ದರ್ಬೆಯವರೇ, ನನ್ನ ಮನೆಯ ಹಿಂದಿನ ಓಣಿಯವರು. ಮೊದಲು ಜಗಲಿಯ ಮಾಡಿನ ಹಂಚು ಇಳಿಸಿ, ಪಕ್ಕಾಸು ಕಳಚಿ, ಹೊಸತು ಕೂರಿಸಿದೆವು. ನಾಲ್ಕು ದಿನ ನಾನು ಹಾಲಿನ ಒಳಗೆ ಹೋಗಲೇ ಇಲ್ಲ. ಏನಾದರೂ ನೆವ ಹುಡುಕಿ ಹೊರಗೇ ಇದ್ದೆ.

ಶುಕ್ರವಾರ ಬಂತು. ಜುಮಾ ನಮಾಜಿಗೆಂದು ಹನ್ನೆರಡು ಗಂಟೆಗೇ ಕೆಲಸ ನಿಲ್ಲಿಸಿ ನಾನು ಅಂಗಳದ ಆಚೆ ನೇರಳೆ ಮರದ ಬುಡದಲ್ಲಿ ಬುತ್ತಿ ಬಿಚ್ಚಿ ಕೂತೆ. ಜನ ಬಂದರು. ಬೈಕಿನಲ್ಲಿ, ಜೀಪಿನಲ್ಲಿ, ನಡೆದುಕೊಂಡು. ಅಂಗಡಿ ಮುಚ್ಚಿ ಬಂದವರು, ಶಾಲೆಯಿಂದ ನೇರ ಬಂದ ಮಕ್ಕಳು, ಇಬ್ಬರ ಹೆಗಲು ಹಿಡಿದು ಬಂದ ಒಬ್ಬ ಮುದುಕರು. ಬಾಗಿಲುಗಳೆಲ್ಲ ತೆರೆದಿದ್ದವು. ಸಾಲು ಸಾಲಾಗಿ ನಿಂತು, ಬಗ್ಗಿ, ಹಣೆ ನೆಲಕ್ಕಿಟ್ಟರು. ಮುದುಕರಿಗೆ ಒಂದು ಕುರ್ಚಿ ಹಾಕಿದ್ದರು, ಗೋಡೆಯ ಬದಿಗೆ. ನಾನು ಕೂತಲ್ಲಿಂದ ನೇರ ಕಾಣುತ್ತಿತ್ತು. ಮೂರನೆಯ ತೊಲೆಯ ಬಡಗು ತುದಿಯ ಸರಿ ಕೆಳಗೆ ಆ ಕುರ್ಚಿ.

ಬುತ್ತಿ ಮುಚ್ಚಿಟ್ಟೆ. ಈ ಇಷ್ಟು ಜನ ಮೇಲೆ ನೋಡದೆ ಹಣೆ ಊರಿದ್ದು ಯಾರ ಮಾತಿನ ಮೇಲೆ? ಕೇಳಿಸದೆ ಇದ್ದದ್ದನ್ನು ಕೇಳಿಸಿತು ಎಂದವನ ಮಾತಿನ ಮೇಲೆ. ಆ ಹದಿನೈದು ಇಪ್ಪತ್ತು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಇನ್ನೊಮ್ಮೆ ಕಳೆಯಲಾರೆ. ಎಲ್ಲರೂ ಹೊರಗೆ ಬಂದು ಚಪ್ಪಲಿ ಹಾಕುವ ತನಕ ನನ್ನ ಕಣ್ಣು ತೊಲೆಯಿಂದ ಕದಲಲಿಲ್ಲ. ಕೊನೆಯವರು ಗೇಟು ದಾಟಿದ ಕೂಡಲೇ ಹಾಜಿಯವರ ಹತ್ತಿರ ಹೋದೆ.

“ಹಾಜಿಯವರೆ, ಮೂರನೇ ತೊಲೆಯ ತುದಿಯಲ್ಲಿ ನನ್ಗೊಂದು ಸಂಶಯ ಉಂಟು. ಗೋಡೆ ಬಿಡಿಸಿ ನೋಡ್ಬೇಕು.”

ಅವರು ಟೊಪ್ಪಿ ಸರಿ ಮಾಡಿಕೊಂಡು ನನ್ನ ಮುಖ ನೋಡಿದರು. “ಹೋದ ವಾರ ಗಟ್ಟಿ ಅಂತ ಹೇಳಿದ್ದು ನೀವೇ ಅಲ್ವಾ ಆಚಾರ್ರೆ?”

“ನಾನೇ.”

“ಮತ್ತೆ ಒಂದು ವಾರದಲ್ಲಿ ಎಂತ ಆಯ್ತು ಅದಕ್ಕೆ?”

ಅದಕ್ಕೆ ಏನೂ ಆಗಿರಲಿಲ್ಲ. ಆದದ್ದು ನನಗೆ. “ಸರಿಯಾಗಿ ನೋಡ್ಲಿಲ್ಲ ನಾನು. ತಪ್ಪಾಯ್ತು,” ಎಂದೆ. ಅರ್ಧ ಸತ್ಯ. ಅವರಿಗೆ ಬೇಸರವಾದದ್ದು ಕಂಡಿತು. ಸ್ಲ್ಯಾಬಿನ ಪಕ್ಷದವರಿಗೆ ಈಗ ಉತ್ತರ ಕೊಡಬೇಕಾದವರು ಅವರೇ. ಆದರೆ ಬೇಡ ಎನ್ನಲಿಲ್ಲ.

ಮುರಕಲ್ಲನ್ನು ಬಿಡಿಸುವುದು ನಿಧಾನದ ಕೆಲಸ. ತೊಲೆಯ ಅಡಿಗೆ ಮೊದಲು ಎರಡು ಊರೆಗಂಬ ಕೊಟ್ಟು, ಮತ್ತೆ ತುದಿಯ ಬದಿಯ ಒಂದೊಂದೇ ಕಲ್ಲನ್ನು ಉಳಿಯಿಂದ ಕೆತ್ತಿ ತೆಗೆದೆ. ಮೂರನೆಯ ಕಲ್ಲು ಬಂದಾಗ ಅದರ ಹಿಂದಿನಿಂದ ಕಂದು ಹುಡಿ ಸುರಿಯಿತು. ತೊಲೆಯ ತುದಿಯಲ್ಲಿ ಕೈ ಹಾಕುವಷ್ಟು ದೊಡ್ಡ ತೂತು. ಕೈ ಹಾಕಿದೆ. ಮೊಣಕೈ ತನಕ ಹೋಯಿತು. ಒಳಗೆ ತಣ್ಣಗೆ, ಹಸಿ ಹಸಿ, ಮರವಲ್ಲ, ಹಿಸುಕಿದರೆ ಮುದ್ದೆ ಆಗುವ ಏನೋ ಒಂದು. ಸುತ್ತಲೂ ಒಂದು ಇಂಚಿನ ಗಟ್ಟಿ ಚಿಪ್ಪು, ಎಣ್ಣೆ ಕುಡಿದು ಕಪ್ಪಾದದ್ದು. ಆ ಒಂದು ಇಂಚಿನ ಮೇಲೆ ಮಾಡಿನ ಎಂಟರಲ್ಲಿ ಒಂದು ಪಾಲು ಕೂತಿತ್ತು. ಯಾವಾಗಲೋ ಗೋಡೆಗೆ ಸಿಮೆಂಟು ಗಾರೆ ಮಾಡಿದವರು ತುದಿಯ ಸುತ್ತ ಗಾಳಿ ಹೋಗುವ ಸಂದಿಯನ್ನೂ ಅಂದಕ್ಕಾಗಿ ಮುಚ್ಚಿದ್ದರು. ಹಂಚಿನಿಂದ ಸೋರಿದ ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ.

ಏಣಿ ಹಿಡಿದಿದ್ದವರು ಮುಕ್ರಿಯೇ. ನಾನು ಕೈ ಹೊರಗೆ ತೆಗೆದು, ಕೆಳಗಿಳಿದು ಆ ಮುದ್ದೆಯನ್ನು ತೋರಿಸಿದೆ. ಅವರು ಅದನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ನನ್ನ ಎಡಗಡೆಗೆ ಬಂದು ನಿಂತು ಮೆಲ್ಲಗೆ ಹೇಳಿದರು:

“ನಿಮ್ಗೆ ಆ ಕಿವಿ ಕೇಳುದಿಲ್ಲ ಅಲ್ವಾ? ನಾನು ಆ ಕಡೆಯಿಂದ ಮಾತಾಡಿದ್ರೆ ನೀವು ತಿರುಗುದಿಲ್ಲ. ನನ್ನ ಉಪ್ಪನದ್ದೂ ಪ್ರಾಯ ಆದ ಮೇಲೆ ಹೀಗೇ ಇತ್ತು.”

ಸಿಟ್ಟು ಬಂತು. ನನ್ನ ಮೇಲೆ ಬಂದ ಸಿಟ್ಟನ್ನು ಅವರ ಮೇಲೆ ಹಾಕಿದೆ. “ಗೊತ್ತಿದ್ದೂ ಆವತ್ತು ಯಾಕೆ ಸುಮ್ಮನೆ ಕೂತದ್ದು ನೀವು?”

“ನಿಮ್ಮ ಕೆಲಸ ಅಲ್ವಾ ಅದು. ನಾನು ಬಾಂಗ್ ಕೊಡುವವ. ನನ್ನ ಮಾತು ಯಾರು ಕೇಳ್ತಾರೆ?” ಎಂದು ನಕ್ಕರು. ಹಾಲಿನ ಮೂಲೆಯಲ್ಲೇ ಅವರ ಸಣ್ಣ ಕೋಣೆ. ಮನೆ ಕಾಸರಗೋಡಿನ ಕಡೆ, ತಿಂಗಳಿಗೊಮ್ಮೆ ಹೋಗುವುದು. ಐದು ಹೊತ್ತು ಊರನ್ನು ಕರೆಯುವ ಮನುಷ್ಯ, ಊರಿನವರು ಹೋದ ಮೇಲೆ ಒಂದು ಮಾತಿಗೂ ಜನ ಇಲ್ಲದೆ ಇರುತ್ತಿದ್ದರೆಂದು ನನಗೆ ಅಂದು ಹೊಳೆಯಿತು.

ಉಳಿದ ಏಳು ತುದಿಗಳನ್ನು ಮತ್ತೆ ನೋಡಿದೆವು. ನಾನು ಮೇಲೆ ನಿಂತು ಹೊಡೆಯುವುದು, ಅವರು ಕೆಳಗೆ ಕಣ್ಣು ಮುಚ್ಚಿ ಕೇಳುವುದು. ಮೊದಲು ನಡುವಿಗೆ ಒಂದು ಪೆಟ್ಟು, ಆಮೇಲೆ ಅಡಿಗೊಂದರಂತೆ ಗೋಡೆಯ ಕಡೆಗೆ. ದನಿ ಬದಲಾದಲ್ಲಿ ಅವರು ಕೈ ಎತ್ತುತ್ತಿದ್ದರು. ಕೈ ಎತ್ತಿದಲ್ಲಿ ನಾನು ಸಪೂರದ ಡ್ರಿಲ್ಲಿನಿಂದ ತೂತು ಕೊರೆದು ನೋಡುತ್ತಿದ್ದೆ. ಹಲಸಿನ ಒಳ್ಳೆ ಮರದ ಹುಡಿ ಅರಸಿನ ಬಣ್ಣಕ್ಕೆ ಬರುತ್ತದೆ, ಕೊಳೆತದ್ದು ಕಂದು. ಒಂದನೆಯ ತೊಲೆಯ ತೆಂಕು ತುದಿಯಲ್ಲಿ ಅವರು ಕೈ ಎತ್ತಿದರು. ಅಲ್ಲಿ ಹಳದಿ ಹುಡಿಯೇ ಬಂತು, ಒಳಗೆ ಒಂದು ಗಂಟು ಇತ್ತಷ್ಟೆ. ಬೇರೆ ಎಲ್ಲೂ ಕೈ ಏಳಲಿಲ್ಲ. ಆದರೂ ಎಲ್ಲ ತುದಿಗಳನ್ನೂ ಕೊರೆದೆ. ಇನ್ನು ಕಿವಿಯನ್ನು, ಅದು ಯಾರದೇ ಆಗಿರಲಿ, ಒಂದನ್ನೇ ನಂಬುವವನಲ್ಲ ನಾನು. ಹಂಚಿನ ಇಬ್ಬರು ಅಂಗಳದಲ್ಲಿದ್ದರು. ಅವರು ಒಳಗೆ ಬಂದಾಗ ನಾನು ಹೊಡೆಯುವುದನ್ನು ನಿಲ್ಲಿಸುತ್ತಿದ್ದೆ.

ಸಮಿತಿಯ ಸಭೆಯಲ್ಲಿ ಕೆಡವುವ ಮಾತು ಎದ್ದಿತು. ಒಂದು ತುದಿಗಾಗಿ ಇಡೀ ಮಾಡು ಕೆಡವುವುದು ಹಲ್ಲು ನೋವಿಗೆ ತಲೆ ತೆಗೆದ ಹಾಗೆ ಎಂದು ವಾದಿಸಿದೆ. ಹಾಜಿಯವರು ಎರಡೂ ಕಡೆಯವರ ಮುಖ ನೋಡಿ ಮೂರು ವಾರದ ಅವಕಾಶ ಕೊಟ್ಟರು. ಅಷ್ಟು ದಿನ ಜುಮಾ ಅಂಗಳದ ಶಾಮಿಯಾನದಲ್ಲಿ ಎಂದಾಯಿತು. ಒಳಗೆ ಯಾರೂ ಕೂರಕೂಡದೆಂದು ನಾನೇ ಬಾಗಿಲಿಗೆ ಹಗ್ಗ ಕಟ್ಟಿದೆ.

ಅನಂತರದ ಕೆಲಸ ಹೇಳಿದಷ್ಟು ಸಲೀಸಾಗಿ ನಡೆಯಲಿಲ್ಲ. ತೊಲೆಯ ಆ ತುದಿಯನ್ನು ಎರಡು ನೂಲು, ಅಂದರೆ ಕಾಲು ಇಂಚು, ಎತ್ತಬೇಕಿತ್ತು. ಲಾರಿಯ ಜಾಕಿಯನ್ನು ಗಂಬದ ಅಡಿಗೆ ಕೊಟ್ಟು ತಿರುಗಿಸಿದರೆ ತೊಲೆ ಮೇಲೆ ಹೋಗುವ ಬದಲು ಗಂಬವೇ ಕೆಳಗೆ ಹೋಯಿತು. ಕಾವಿ ನೆಲ ಒಡೆದು ನೋಡಿದರೆ ಅಡಿಯಲ್ಲಿ ಹೆಗ್ಗಣ ತೋಡಿದ ಬಿಲ, ಒಬ್ಬ ಮನುಷ್ಯ ಮಲಗುವಷ್ಟು. ಜಲ್ಲಿ ತುಂಬಿ, ದಮ್ಮಸ್ಸು ಮಾಡಿ, ಅದರ ಮೇಲೆ ದಪ್ಪ ಹಲಗೆ ಹಾಸುವುದರಲ್ಲಿ ಮೂರು ದಿನ ಹೋಯಿತು. ಆಮೇಲೆ ಕೊಳೆತದ್ದನ್ನು ಕತ್ತರಿಸುತ್ತಾ ಹೋದರೆ ಎರಡು ಅಡಿಯಲ್ಲಿ ಮುಗಿಯುತ್ತದೆಂದು ಎಣಿಸಿದ್ದು ನಾಲ್ಕು ಅಡಿ ತನಕ ಹೋಯಿತು. ಜೋಡಣೆಗೆ ಇನ್ನೂ ಮೂರು ಅಡಿ ಬೇಕು. ನಾನು ತಂದಿಟ್ಟಿದ್ದ ಮರ ಸಾಲಲಿಲ್ಲ.

ಹಳೆ ತೊಲೆಗೆ ಹಸಿ ಮರ ಜೋಡಿಸಿದರೆ ಅದು ಒಣಗುವಾಗ ಸೆಟೆದು ಬೋಲ್ಟುಗಳನ್ನೇ ಎಳೆಯುತ್ತದೆ. ಹಳೆಯ ಹಲಸೇ ಬೇಕು. ಸುಳ್ಯದ ಮಿಲ್ಲುಗಳಲ್ಲಿ ಸಿಗಲಿಲ್ಲ. ಆಲೆಟ್ಟಿಯಲ್ಲಿ ಗೌಡರೊಬ್ಬರು ಹಳೆ ಅಟ್ಟ ಕಳಚುತ್ತಿದ್ದಾರೆಂದು ಮಿಲ್ಲಿನವರು ಹೇಳಿದರು. ಹೋದೆ. ಅಂಗಳದಲ್ಲಿ ಹಲಸಿನ ಮೂರು ಅಡ್ಡತೊಲೆಗಳು ಬಿದ್ದಿದ್ದವು, ಜೇನಿನ ಬಣ್ಣಕ್ಕೆ ತಿರುಗಿದ ಚಂದದ ಮರ. ಗೌಡರು ನನ್ನ ಬಲಗಡೆ ನಿಂತು ಏನೋ ಕೇಳಿದರು.

“ಹೌದು ಹೌದು. ಒಳ್ಳೆ ಮರ,” ಎಂದೆ.

ಅವರು ಮತ್ತೆ ಕೇಳಿದರು. ನಾನು ಮತ್ತೆ ತಲೆಯಾಡಿಸಿದೆ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದರು. ಅವರು ಕೇಳಿದ್ದು ಎಷ್ಟು ಉದ್ದ ಬೇಕು ಎಂದು. ಎಷ್ಟು ವರ್ಷದಿಂದ ಹೀಗೆ ಸಿಕ್ಕಸಿಕ್ಕಲ್ಲಿ ತಲೆಯಾಡಿಸುತ್ತ ಬಂದಿದ್ದೆನೋ. ಸಾಕಾಯಿತು.

“ನನ್ಗೆ ಕಿವಿ ಕಡಿಮೆ ಗೌಡ್ರೆ. ಈಚೆ ಬಂದು ಹೇಳಿ,” ಎಂದೆ. ಆ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಹಿಂದೆ ಮುಂದೆ ಗೊತ್ತಿಲ್ಲದವರಿಗೆ.

“ಅಷ್ಟೆಯಾ! ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ?” ಎಂದು ಅವರು ಈಚೆ ಬಂದು, ಆಚೆ ಗುಡ್ಡದವರಿಗೂ ಕೇಳುವ ಹಾಗೆ ಕಿರುಚಿದರು. “ಎಷ್ಟು ಉದ್ದ ಬೇಕು?” ಆಕಾಶ ಕಳಚಿ ಬೀಳಲಿಲ್ಲ. ಎಂಟಡಿ ಮರವನ್ನು ಜೀಪಿಗೆ ಏರಿಸಿಕೊಂಡು ಬಂದೆ.

ಜೋಡಣೆಗೆ ಐದು ದಿನ ಬೇಕಾಯಿತು. ಹಳೆ ತೊಲೆಯ ಗಟ್ಟಿ ಭಾಗವನ್ನು ಓರೆಯಾಗಿ ಕೆತ್ತಿ, ಹೊಸ ತುಂಡನ್ನೂ ಅದಕ್ಕೆ ಸರಿಯಾಗಿ ಓರೆ ಮಾಡಿ, ಒಂದರ ಮೇಲೊಂದು ಕೂರಿಸಿದೆ. ನಡುವೆ ಕಾಗದ ಹೋಗದಷ್ಟು ಕೂರುವ ತನಕ ಹತ್ತರಿ ಹೊಡೆದದ್ದು ಎಷ್ಟು ಸಲವೋ. ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು, ಆರಪಾರ ಬೋಲ್ಟು ಹಾಕಿದೆ. ಗೋಡೆಯ ಒಳಗೆ ತುದಿ ಕೂರುವ ಜಾಗಕ್ಕೆ ಮುರಕಲ್ಲಿನ ಬದಲು ಕರಿಕಲ್ಲಿನ ಹಾಸು, ಅದರ ಮೇಲೆ ತಗಡು. ಸುತ್ತ ಒಂದು ಇಂಚು ಬಿಟ್ಟೆ, ಗಾಳಿಗೆ. ಅಲ್ಲಿ ಸಿಮೆಂಟು ಮೆತ್ತಿದರೆ ಕೈ ಮುರಿಯುತ್ತೇನೆಂದು ಗಾರೆಯವನಿಗೆ ಹೇಳಿದೆ. ಕೈಗೆ ಕೆಲಸ ಇದ್ದಷ್ಟು ಹೊತ್ತು ಬೇರೆ ಯಾವ ಯೋಚನೆಯೂ ಬರುತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕೂತಾಗ ಬರುತ್ತಿತ್ತು: ಇದು ನಿಂತರೂ ಮುಂದಿನ ಮಾಡಿಗೆ ಏನು ಮಾಡುತ್ತಿ, ಅದರ ಮುಂದಿನದಕ್ಕೆ?

ಊರೆಗಂಬ ತೆಗೆಯುವ ದಿನ ಬೆಳಿಗ್ಗೆ ಹಾಜಿಯವರು, ಸಮಿತಿಯ ಐದಾರು ಮಂದಿ, ಸ್ಲ್ಯಾಬಿನ ಪಕ್ಷದವರೂ ಸೇರಿ, ಬಂದು ನಿಂತರು. ಮೂಡಲಲ್ಲಿ ಮೋಡ ಕಟ್ಟಿತ್ತು. ನಮ್ಮಲ್ಲಿ ಒಂದು ಕ್ರಮ ಉಂಟು. ಜಾಕಿ ಇಳಿಸುವವನು ತೊಲೆಯ ಅಡಿಯಲ್ಲೇ ನಿಂತು ಇಳಿಸಬೇಕು, ಉದ್ದದ ಸಲಾಕೆ ಸಿಕ್ಕಿಸಿ ದೂರ ನಿಂತಲ್ಲ. ಜೋಡಿಸಿದವನ ತಲೆಯೇ ಜೋಡಣೆಗೆ ಜಾಮೀನು. ಉಳಿದವರನ್ನು ಬಾಗಿಲ ಆಚೆ ನಿಲ್ಲಿಸಿದೆ. ಹಂಚಿನವರಲ್ಲಿ ಒಬ್ಬ ಎರಡನೆಯ ಗಂಬದ ಹತ್ತಿರ, ಇನ್ನೊಬ್ಬ ಕಿಟಕಿಯ ಬಳಿ. ಮುಕ್ರಿ ಮಾತ್ರ ಹೇಳಿದ್ದು ಕೇಳದೆ ಮೂರು ಮಾರು ದೂರದಲ್ಲಿ ಗೋಡೆಗೆ ಒರಗಿ ನಿಂತರು. ತೊಲೆಯ ನಡುವಿನಿಂದ ದಾರದಲ್ಲಿ ಗುಂಡು ಇಳಿಬಿಟ್ಟು ಅದರ ಬದಿಗೆ ಅಳತೆಯ ಪಟ್ಟಿ ನೆಟ್ಟಗೆ ನಿಲ್ಲಿಸಿದ್ದೆ, ತೊಲೆ ಎಷ್ಟು ಇಳಿಯಿತೆಂದು ಓದಲು.

ಕಾಲು ಸುತ್ತು ತಿರುಗಿಸಿದೆ. ಕಾದೆ. ಗುಂಡು ಅಲ್ಲಾಡಲಿಲ್ಲ. ಇನ್ನೊಂದು ಕಾಲು ಸುತ್ತು. ತೊಲೆಯ ಭಾರ ಮೆಲ್ಲ ಮೆಲ್ಲ ಜಾಕಿಯಿಂದ ಗೋಡೆಗೆ ಹೋಗುತ್ತಿರುವುದು ಹಿಡಿಕೆಯಲ್ಲಿ ಗೊತ್ತಾಗುತ್ತಿತ್ತು. ಐದನೆಯ ಸಲ ಕಾಲು ಸುತ್ತು ತಿರುಗಿಸಿದಾಗ ಕಿಟಕಿಯ ಬಳಿ ಇದ್ದವನು ಹಾರಿ ಹಿಂದೆ ಹೋದ. ಹಾಜಿಯವರು ಎದೆಗೆ ಕೈ ಇಟ್ಟರು. ಬಾಗಿಲ ಆಚೆಯ ಎಲ್ಲ ಮುಖಗಳೂ ಒಟ್ಟಿಗೆ ಮೇಲೆ ನೋಡಿದವು.

ನನಗೆ ಏನೂ ಕೇಳಿಸಿರಲಿಲ್ಲ.

ಮರ ಭಾರ ಹೊರುವಾಗ ಎರಡು ಥರದ ದನಿ ಮಾಡುತ್ತದೆ. ಜೋಡಣೆ ಬಿಗಿಯಾಗಿ ಕೂತುಕೊಳ್ಳುವಾಗ ನರಳುತ್ತದೆ. ಅದು ಒಳ್ಳೆಯದು, ಇಳಿಸುತ್ತ ಹೋಗಬಹುದು. ನಾರು ಹರಿಯುವಾಗ ಚಟಕ್ಕೆನ್ನುತ್ತದೆ; ಆಗ ಒಂದು ಗಳಿಗೆ ತಡ ಮಾಡದೆ ಜಾಕಿ ಮತ್ತೆ ಎತ್ತಬೇಕು. ಎರಡರಲ್ಲಿ ಬಂದದ್ದು ಯಾವುದು? ಕೈ ಹಿಡಿಕೆಯ ಮೇಲಿತ್ತು, ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಗುಂಡು ಅಲ್ಲಾಡುತ್ತಿತ್ತು, ಇಳಿದದ್ದು ಎಷ್ಟೆಂದು ಓದುವ ಹಾಗಿರಲಿಲ್ಲ. ನನ್ನ ಓಣಿಯ ಇಬ್ಬರು ನನ್ನನ್ನೇ ನೋಡುತ್ತಿದ್ದರು, ಆಚಾರ್ರು ಏನು ಹೇಳುತ್ತಾರೆ ಎಂದು.

“ನನ್ಗೆ ಕೇಳ್ಲಿಲ್ಲ,” ಎಂದೆ. ಗಟ್ಟಿಯಾಗಿಯೇ ಹೇಳಿರಬೇಕು, ನನಗೇ ಕೇಳಿತು. “ನನ್ಗೆ ಕಿವಿ ಕೇಳುದಿಲ್ಲ. ಎಂತ ಶಬ್ದ ಬಂತು ಉಸ್ತಾದರೆ? ಹಾಗೆಯೇ ಮಾಡಿ ತೋರ್ಸಿ.”

ಮುಕ್ರಿ ಗೋಡೆ ಬಿಟ್ಟು ನನ್ನ ಎಡಗಡೆಗೆ, ತೊಲೆಯ ಸರಿ ಅಡಿಗೆ ಬಂದರು. ಕಿವಿಯ ಹತ್ತಿರ ಬಾಯಿ ತಂದು, ಗಂಟಲಿನ ಆಳದಿಂದ, ಹಳೆಯ ಬಾಗಿಲು ತೆರೆದ ಹಾಗೆ, ಉದ್ದಕ್ಕೆ ಎಳೆದು ದನಿ ಮಾಡಿದರು. ಬಾಗಿಲ ಆಚೆ ಯಾರೋ ನಕ್ಕದ್ದು ಕಾಣಿಸಿತು.

“ಕಡೆಗೆ ಚಟಕ್ ಅಂತ ಬಂತಾ?”

“ಇಲ್ಲ. ಹಾಗೆಯೇ ನಿಂತಿತು. ಈಗ ಎಂತ ಇಲ್ಲ.”

ಜಾಕಿಯನ್ನು ಮತ್ತೆ ಕಾಲು ಸುತ್ತು ಇಳಿಸಿದೆ. ಮತ್ತೂ ಒಂದು. ಪ್ರತಿ ಸಲ ಅವರ ಮುಖ ನೋಡುತ್ತಿದ್ದೆ, ಅವರು ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದರು. ಗಂಬದ ತಲೆ ತೊಲೆಯಿಂದ ಬಿಟ್ಟು ನಡುವೆ ಬೆಳಕು ಕಂಡಿತು. ಗುಂಡು ಒಂದು ನೂಲು ಇಳಿದು ನಿಂತಿತು. ಅರ್ಧ ಗಂಟೆ ಕಾದೆವು. ಅದು ಮತ್ತೆ ಇಳಿಯಲಿಲ್ಲ.

ಹಾಜಿಯವರು ಹಗ್ಗ ದಾಟಿ ಒಳಗೆ ಬಂದರು. ಮೇಲೆ ನೋಡಿ, ಜೋಡಣೆಯ ಪಟ್ಟಿ ನೋಡಿ, ಏನೋ ಕೇಳಿದರು. ನಿಂತದ್ದು ನನ್ನ ಬಲಗಡೆ. ತಲೆಯಾಡಿಸುವ ಅಭ್ಯಾಸ ಕುತ್ತಿಗೆಯ ತನಕ ಬಂದಿತ್ತು. ನಿಲ್ಲಿಸಿದೆ.

“ಈಚೆ ಬಂದು ಕೇಳಿ ಹಾಜಿಯವರೆ. ಈ ಕಿವಿಗೆ.”

ಅವರು ಸುತ್ತು ಬಂದು ಎಡಗಡೆ ನಿಂತರು. ಮೊದಲ ದಿನದ ನನ್ನ ಮಾತು ಎಲ್ಲಿಂದ ಬಂದಿತ್ತೆಂದು ಅವರಿಗೆ ಆಗ ಅರ್ಥವಾಗಿರಬೇಕು. ಬೈಯಲಿಲ್ಲ.

“ಬರುವ ಶುಕ್ರವಾರ ಒಳಗೆ ಕೂರ್ಬಹುದಾ ಅಂತ ಕೇಳಿದ್ದು.”

ನಾನು ಮುಕ್ರಿಯನ್ನು ನೋಡಿದೆ. ಗುಂಡನ್ನು ನೋಡಿದೆ. ಬೋಲ್ಟುಗಳ ಮೇಲೆ ಒಮ್ಮೆ ಕೈ ಆಡಿಸಿದ ಮೇಲೆ ಹೇಳಿದೆ:

“ಕೂರ್ಬಹುದು.”